ಎದುರು ಕಡೆಯ ಅಕ್ಷರ

"ಕೈ ಆಡ್ತಾ ಇರ್ಲಿ, ಬಾಯಲ್ಲಿ ಬೇಕಾದ್ರೆ ಅಆಇಈ ಅಂದ್ಕೊಳ್ಳಿ! ಕೈ ನಿಂತಿದ್ದು ಕಂಡ್ರೆ ಆ ಪುಸ್ತಕ ತಗೊಂಡ್ಹೋಗಿ ಬಾಯ್ಲರ್‌ಗೆ ಹಾಕ್ತೀನಿ. ಕತ್ತೆ ವಯಸ್ಸಾದ ಮೇಲೆ ಓದೋಕೆ ಹೊರಟಿದಾವೆ, ಮುಂಡೇವು!"

ಮ್ಯಾನೇಜರ್ ಬಾಗಿಲಲ್ಲೇ ನಿಂತು ಕೂಗಿದ. ಒಳಗೆ ಕಾಲಿಡಲಿಲ್ಲ. ಒಳಗೆ ಬಂದರೆ ಹಬೆಗೆ ಅಂಗಿಯ ಗಂಜಿ ಇಳಿದುಬಿಡುತ್ತದೆ. ಆಸ್ಪತ್ರೆಗಳ ರಕ್ತ, ಕೀವು, ಉಚ್ಚೆ ತೊಳೆಯುವ ಲಾಂಡ್ರಿಗೆ ದಿನಾ ಮದುಮಗನ ಹಾಗೆ ಬಿಳಿ ಅಂಗಿ ಹಾಕಿಕೊಂಡು ಬರುವ ಅವನಿಗೆ ಹೆಂಗಸರು ಬಿಳಿಯಪ್ಪ ಅಂತ ಹೆಸರಿಟ್ಟಿದ್ದರು. ಎದುರಿಗೆ ಸಾರ್, ಬೆನ್ನ ಹಿಂದೆ ಬಿಳಿಯಪ್ಪ.

"ಹೋದ ಬಿಡು, ಬಿಳಿಯಪ್ಪ," ಅಂದಳು ಎಲ್ಲರೂ ಬಾಯಿಬಡ್ಕಿ ಅಂತ ಕರೆಯುವವಳು, ಚಾದರದ ಒಂದು ತುದಿ ಹಿಡಿದು ಜಾಡಿಸುತ್ತ. "ಅವನ ಬಾಯಿಗೆ ಸೋಡಾ ಪುಡಿ ಹಾಕ. ಟೀಚರಮ್ಮ, ನೀವು ಹೇಳಿ. ಎಲ್ಲಿದ್ವಿ?"

ಮೇಜಿನ ಆಚೆ ಕುರ್ಚಿಯಲ್ಲಿ ಕೂತಿದ್ದ ಟೀಚರಮ್ಮ ಮುಖ ಕೆಂಪು ಮಾಡಿಕೊಂಡು ಪುಸ್ತಕದ ಮೇಲೆ ಬೆರಳಿಟ್ಟಳು. ಇನ್ನೂ ಮದುವೆಯಾಗದ ಹುಡುಗಿ. ಓದು ತಪ್ಪಿದ ದೊಡ್ಡವರಿಗೆ ಅವರಿದ್ದಲ್ಲಿಗೇ ಹೋಗಿ ಕಲಿಸುವ ಯಾವುದೋ ಸಂಸ್ಥೆಯವಳು. ಮೊದಲ ದಿನ ಬಂದಾಗ, "ನಿಮಗೆ ಶಾಲೆಗೆ ಬರೋಕಾಗಲ್ಲ ಅಂತ ನಾವೇ ನಿಮ್ಮ ಹತ್ರ ಬಂದಿದೀವಿ," ಅಂದಿದ್ದಳು. ಅದನ್ನು ಕೇಳಿ ಹೆಂಗಸರು ಮುಸಿಮುಸಿ ನಕ್ಕಿದ್ದರು. ತಮ್ಮ ಹತ್ತಿರಕ್ಕೆ ತಾನಾಗಿ ಬಂದದ್ದು ಅಂದರೆ ಅವರಿಗೆ ಗೊತ್ತಿದ್ದದ್ದು ರೋಗ ಒಂದೇ.

ಕಲಿಯಲು ಬಿಡುವು ಕೊಡು ಅಂದರೆ ಮ್ಯಾನೇಜರ್ ಕೊಡುವವನೇ? ಸಂಜೆಯ ಹೊತ್ತು ಎಲ್ಲರೂ ಸೇರಿ ಒಣಗಿದ ಚಾದರ ಮಡಚುವ ಕೆಲಸ ಇರುತ್ತಲ್ಲ, ಆ ಹೊತ್ತಿನಲ್ಲಿ ಪಾಠ ಹೇಳಿಕೊಳ್ಳಿ ಅಂದ. ಮಡಚುವ ಮೇಜು ಉದ್ದಕ್ಕೆ ಇತ್ತು. ಒಣಗಿಸುವ ಯಂತ್ರಗಳ ಬಾಯಿ ಈ ಕಡೆ, ಹಾಗಾಗಿ ಹೆಂಗಸರು ಈ ಕಡೆ ಸಾಲಾಗಿ ನಿಲ್ಲಬೇಕು. ಕಿಟಕಿ, ಬೆಳಕು, ಒಣ ನೆಲ ಆ ಕಡೆ, ಹಾಗಾಗಿ ಟೀಚರಮ್ಮನ ಕುರ್ಚಿ ಆ ಕಡೆ. ನಡುವೆ ಒಂದೇ ಒಂದು ಪುಸ್ತಕ.

ಸಂಸ್ಥೆಯವರು ಒಬ್ಬೊಬ್ಬರಿಗೂ ಒಂದೊಂದು ಪುಸ್ತಕ ಕಳಿಸಿದ್ದರು. ಅವು ಮ್ಯಾನೇಜರನ ಬೀರುವಿನಲ್ಲಿದ್ದವು. "ಈ ಒದ್ದೆ ಕೈಗೆ ಕೊಟ್ರೆ ಎರಡೇ ದಿನಕ್ಕೆ ಮುದ್ದೆ ಆಗ್ತಾವೆ. ಸಂಸ್ಥೆ ಸಾಹೇಬ್ರು ನೋಡೋಕೆ ಬಂದಾಗ ಹೊಸದಾಗಿ ಕಾಣಬೇಕು," ಅಂತ ಬೀಗ ಹಾಕಿದ್ದ. ಹಲಗೆ ಬಳಪ ತಂದರೆ ಹಬೆಗೆ ಬಳಪ ಹತ್ತುತ್ತಿರಲಿಲ್ಲ. ಬರೆಯೋಣ ಅಂದರೆ ಕೈ ಬಿಡುವಿರಲಿಲ್ಲ. ಹೀಗಾಗಿ ಟೀಚರಮ್ಮನ ಬೆರಳು ಪುಸ್ತಕದ ಮೇಲೆ ಹರಿಯುತ್ತಿತ್ತು, ಹೆಂಗಸರ ಕೈ ಚಾದರದ ಮೇಲೆ ಹರಿಯುತ್ತಿತ್ತು, ಕಣ್ಣು ಮಾತ್ರ ಮೇಜು ದಾಟಿ ಹೋಗಿ ಅಕ್ಷರ ಹೆಕ್ಕಿಕೊಂಡು ಬರುತ್ತಿತ್ತು.

ಹಾಗೆ ಹೆಕ್ಕುವುದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಅತ್ತೆ. ಅವಳ ಸೊಸೆಯೂ ಅಲ್ಲೇ ಕೆಲಸಕ್ಕಿದ್ದಳು. ಸೊಸೆ ಮಾತುಮಾತಿಗೂ 'ಅತ್ತೇ' ಅಂತ ಕೂಗುವುದನ್ನು ಕೇಳಿ ಕೇಳಿ ಇಡೀ ಲಾಂಡ್ರಿಗೆ ಅವಳು ಅತ್ತೆಯೇ ಆಗಿಬಿಟ್ಟಿದ್ದಳು. ಅವಳಿಗಿಂತ ಹಿರಿಯಳಾದ ಬಾಯಿಬಡ್ಕಿಯೂ ಅತ್ತೆ ಅಂತಲೇ ಕರೆಯುತ್ತಿದ್ದಳು.

"ಇದು?" ಟೀಚರಮ್ಮ ಕೇಳಿದಳು.

"ಮ," ಅಂದಳು ಅತ್ತೆ, ಚಾದರ ಎರಡಾಗಿ ಮಡಚುತ್ತ.

"ಇದು?"

"ಮಾ."

"ಇದಕ್ಕೆ ಏನು ಇಲ್ಲ?"

"ತಲೆಕಟ್ಟಿಲ್ಲ."

ಆ ತಲೆಕಟ್ಟು ಅನ್ನುವ ಮಾತು ಮಾತ್ರ ಅತ್ತೆಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಅವಳ ಕಣ್ಣಿಗೆ ಅದು ಇದ್ದದ್ದು ಅಕ್ಷರದ ಬುಡದಲ್ಲಿ, ಕಾಲಿಗೆ ಮೆಟ್ಟಿದ ಚಪ್ಪಲಿಯ ಹಾಗೆ. ಕಾಲಲ್ಲಿ ಇರುವುದಕ್ಕೆ ತಲೆಕಟ್ಟು ಅನ್ನುತ್ತಾರಲ್ಲ ಅಂತ ಒಂದೆರಡು ಸಲ ಅನಿಸಿತ್ತು. ಓದಿದವರ ಮಾತೇ ಹಾಗೆ, ದೊಡ್ಡವರು ಸಣ್ಣವರನ್ನು 'ಮಹಾರಾಯ' ಅನ್ನುವುದಿಲ್ಲವೇ, ಹಾಗಿರಬೇಕು ಅಂತ ಸುಮ್ಮನಾಗಿದ್ದಳು. ಕೇಳಿದರೆ ನಕ್ಕಾರು ಅನ್ನುವ ಅಂಜಿಕೆ ಬೇರೆ. ಅವಳು ಓದುತ್ತಿದ್ದುದು ಬಲಗಡೆಯಿಂದ ಎಡಗಡೆಗೆ. ಸಾಲುಗಳು ಅವಳ ಹೊಟ್ಟೆಯ ಕಡೆ ಶುರುವಾಗಿ ಟೀಚರಮ್ಮನ ಕಡೆಗೆ ಹೋಗುತ್ತಿದ್ದವು. ಅದೇ ಓದು ಅಂತ ಅವಳು ತಿಳಿದಿದ್ದಳು. ಬೇರೆ ಓದು ಅವಳು ಕಂಡವಳೇ ಅಲ್ಲ.

ಇಷ್ಟು ವಯಸ್ಸಾದ ಮೇಲೆ ಅವಳಿಗೆ ಓದಿನ ಹುಚ್ಚು ಹಿಡಿಯಲು ಕಾರಣ ಇತ್ತು. ಲಾಂಡ್ರಿಯಲ್ಲಿ ಎರಡು ಭಾಗ, ನಡುವೆ ಒಂದು ಬಾಗಿಲು. ಒದ್ದೆ ಕಡೆ, ಒಣ ಕಡೆ. ಆಸ್ಪತ್ರೆಯಿಂದ ಬಂದ ಗಂಟು ಬಿಚ್ಚುವುದು, ಜಾಡಿಸುವುದು, ಸೋಡಾ ನೀರಿನ ತೊಟ್ಟಿಯಲ್ಲಿ ನೆನೆಹಾಕುವುದು, ನೀರು ಕುಡಿದು ಹೆಣಭಾರ ಆದದ್ದನ್ನು ಎತ್ತಿ ಯಂತ್ರಕ್ಕೆ ತುಂಬುವುದು ಒದ್ದೆ ಕಡೆಯ ಕೆಲಸ. ಅಲ್ಲಿಯ ಗಾಳಿ ಉಸಿರಿಗೆ ಹೋದರೆ ಗಂಟಲಿಗೆ ಮುಳ್ಳು ಸಿಕ್ಕಿಸಿದ ಹಾಗಾಗುತ್ತದೆ. ಒಣ ಕಡೆ ಸ್ಟೂಲಿನ ಮೇಲೆ ಕೂತು, ಚಾದರದ ಮೂಲೆಯಲ್ಲಿ ಒತ್ತಿರುವ ವಾರ್ಡಿನ ಹೆಸರು ಓದಿ, ಗೋಡೆಯ ಗೂಡುಗಳಲ್ಲಿ ಬೇರೆಬೇರೆಯಾಗಿ ಇಡುವ ಕೆಲಸ. ಓದು ಬಂದವರಿಗೆ ಮಾತ್ರ ಒಣ ಕಡೆ.

ಸೊಸೆಗೆ ಹೊಟ್ಟೆ ಕಾಣುವಷ್ಟು ತಿಂಗಳಾಗಿತ್ತು. ಇದಕ್ಕೂ ಮೊದಲು ಎರಡು ಹೋಗಿದ್ದವು. ಎರಡೂ ಒದ್ದೆ ಕಡೆಯಲ್ಲಿದ್ದಾಗಲೇ. ಆಸ್ಪತ್ರೆಯ ನರ್ಸು, "ಆ ವಾಸನೆಯಲ್ಲಿ ಇರಬೇಡ, ಭಾರ ಎತ್ತಬೇಡ," ಅಂದಿದ್ದಳು. ಬೇಡ ಅನ್ನುವುದು ನರ್ಸಿಗೆ ಸುಲಭ. ಕೆಲಸ ಬಿಟ್ಟರೆ ಉಣ್ಣುವುದೇನು? ಮಗ ಲಾರಿಯ ಹಿಂದೆ ಊರೂರು ಸುತ್ತುವವನು. ಅವನು ಬಂದಾಗ ಬಂದ, ಇಲ್ಲದಾಗ ಇಲ್ಲ.

ಮ್ಯಾನೇಜರ್ ಒಂದು ಮಾತು ಕೊಟ್ಟಿದ್ದ. ಸಾಹೇಬರು ಪರೀಕ್ಷೆಗೆ ಬಂದ ದಿನ ಅವರೆದುರು ಓದಿ ತೋರಿಸಿದರೆ, ಅವರ ಮನೆಯಿಂದ ಒಬ್ಬರನ್ನು ಒಣ ಕಡೆಗೆ ಹಾಕುತ್ತೇನೆ ಅಂತ. ಸಾಹೇಬರ ಮುಂದೆ ಲಾಂಡ್ರಿಯ ಹೆಸರು ಮೆರೆಯಲಿ ಅನ್ನುವ ಆಸೆ ಅವನದು. "ಯಾರು ಓದ್ತಾರೋ ಅವರೇ ಬರಬೇಕಾ ಸಾರ್, ಮನೇಲಿ ಯಾರಾದ್ರೂ ಆಗುತ್ತಾ?" ಅಂತ ಅತ್ತೆ ಕೇಳಿದ್ದಳು. "ಯಾರಾದ್ರೂ ಬಂದು ಸಾಯ್ರಿ. ಓದು ಬಾರದವಳಿಗೆ ಪಕ್ಕದವಳು ಹೇಳಿಕೊಡ್ಲಿ," ಅಂದಿದ್ದ. ಆ ಮಾತನ್ನು ಅತ್ತೆ ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದಳು.

ಮನೆ ಅಂದರೆ ಒಂದು ಕೋಣೆ. ಬಾಗಿಲು ತೆಗೆದರೆ ಬೀದಿ, ಹಾಕಿದರೆ ಕತ್ತಲೆ. ಸಂಜೆ ಬಂದು ಉಂಡಾದ ಮೇಲೆ ಸೊಸೆ ಮಗ್ಗುಲಾಗಿ ಮಲಗುತ್ತಿದ್ದಳು, ಅತ್ತೆ ಅವಳ ಬೆನ್ನು ತಿಕ್ಕುತ್ತ ಕೂರುತ್ತಿದ್ದಳು. ಸೋಡಾ ತಿಂದು ಒರಟಾದ ಕೈ. ತಿಕ್ಕುತ್ತ ತಿಕ್ಕುತ್ತ ಬೆರಳು ಬೆನ್ನ ಮೇಲೆ ಅಕ್ಷರ ತೀಡಲು ಹೋಗಿಬಿಡುತ್ತಿತ್ತು.

"ಇದ್ಯಾವುದು ಹೇಳೇ?"

"ಕಚಗುಳಿ ಆಗುತ್ತೆ ಅತ್ತೆ."

"ಅದು ಕಚಗುಳಿ ಅಲ್ಲ, ಗ."

"ನಂಗೆ ತಲೆಗೆ ಹತ್ತಲ್ಲ ಅತ್ತೆ. ಆ ಮೇಜಿನ ಹತ್ರ ನಿಂತ್ರೆ ಸಾಕು, ಕಣ್ಣು ಎಳೀತದೆ. ನಿಂತೇ ನಿದ್ದೆ ಮಾಡ್ತೀನಿ, ಕುದುರೆ ಹಂಗೆ."

"ನೀನು ನಿದ್ದೆ ಮಾಡು. ನಾನು ಓದ್ತೀನಿ. ನನ್ನ ಓದು, ನಿನ್ನ ಸ್ಟೂಲು."

"ಜನ ನಗ್ತಾರೆ. ಎಲ್ಲರ ಅತ್ತೆ ಸೊಸೆಗೆ ಬೆಂಕಿ ಇಟ್ರೆ ನನ್ನತ್ತೆ ಸ್ಟೂಲು ಇಡ್ತಾಳೆ ಅಂತ."

"ಬೆಂಕಿ ಇಡೋಕೂ ಪುರುಸೊತ್ತು ಬೇಕಲ್ಲೇ," ಅಂದಳು ಅತ್ತೆ. ಸೊಸೆ ನಕ್ಕಳು. ನಕ್ಕಿದ್ದಕ್ಕೆ ಒಳಗಿನದು ಒದೆಯಿತು ಅಂತ ಅತ್ತೆಯ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅತ್ತೆ ಉಸಿರು ಬಿಗಿಹಿಡಿದು ಕಾದಳು. ಕೈಯ ಚರ್ಮ ದಪ್ಪಗಾಗಿ ಹೋಗಿತ್ತು, ಅವಳಿಗೆ ಏನೂ ತಿಳಿಯಲಿಲ್ಲ. ಆದರೂ, "ಹೂಂ, ಒದೀತು, ಒದೀತು," ಅಂದಳು.

ಸಾಹೇಬರು ಬರುವ ದಿನ ನೆಲಕ್ಕೆ ಫಿನಾಯಿಲ್ ಬಿತ್ತು. ಮ್ಯಾನೇಜರ್ ಬೀರುವಿನ ಬೀಗ ತೆಗೆದು ಪುಸ್ತಕಗಳನ್ನು ತಾನೇ ಹೊತ್ತು ತಂದ. ಯಂತ್ರಗಳು ನಿಂತವು. ಇಷ್ಟು ವರ್ಷದಲ್ಲಿ ಹಗಲು ಹೊತ್ತು ಯಂತ್ರ ನಿಂತದ್ದು ಅದೇ ಮೊದಲು. ಆ ಸದ್ದಿಲ್ಲದ ಕೋಣೆಯಲ್ಲಿ ಹೆಂಗಸರಿಗೆ ತಮ್ಮ ಕೆಮ್ಮು ತಮಗೇ ಕೇಳಿಸಿತು.

ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಬಂದರು. ಹಿಂದೆ ಕ್ಯಾಮೆರಾದವನು. ಸಾಹೇಬರು ಒಬ್ಬೊಬ್ಬರ ಕೈಗೂ ಒಂದೊಂದು ಪುಸ್ತಕ ಕೊಟ್ಟರು, ಒಂದೊಂದು ಫೋಟೋ ಆಯಿತು. ಅತ್ತೆ ಉಟ್ಟ ಬಟ್ಟೆಗೆ ಕೈ ಒರೆಸಿ ಒರೆಸಿ ಪುಸ್ತಕ ಇಸಿದುಕೊಂಡಳು. ಅದು ಹಗುರವಾಗಿತ್ತು. ಹೊಸ ಕಾಗದದ ವಾಸನೆ ಬರುತ್ತಿತ್ತು. ಪುಸ್ತಕ ಅನ್ನುವುದನ್ನು ಕೈಯಲ್ಲಿ ಹಿಡಿದದ್ದು ಅವಳು ಹುಟ್ಟಿದ ಮೇಲೆ ಅದೇ ಮೊದಲು.

"ಇವರಲ್ಲಿ ಚೆನ್ನಾಗಿ ಓದೋರು ಯಾರಮ್ಮ?" ಸಾಹೇಬರು ಕೇಳಿದರು.

"ಅತ್ತೆ!" ಅಂದರು ಎಲ್ಲರೂ.

"ಎಲ್ರೂ ಪುಸ್ತಕ ತೆಗೀರಿ. ಅತ್ತೆ ಓದ್ತಾರೆ, ಉಳಿದವರು ನೋಡ್ಕೊಳ್ಳಿ," ಅಂದರು ಸಾಹೇಬರು.

ಅತ್ತೆ ಪುಸ್ತಕ ತೆರೆದಳು. ಅಕ್ಷರಗಳೆಲ್ಲ ತಲೆ ಕೆಳಗೆ ಕಾಲು ಮೇಲೆ ಮಾಡಿ ನಿಂತಿದ್ದವು. ಆಮೇಲೆ, ತಿರುಗಮುರುಗ ಹಿಡಿದಿದ್ದೇನೆ ಅಂತ ತಾನೇ ನಾಲಿಗೆ ಕಚ್ಚಿಕೊಂಡು ಪುಸ್ತಕವನ್ನು ತಿರುಗಿಸಿ ಸರಿ ಮಾಡಿಕೊಂಡಳು. ಚಪ್ಪಲಿಗಳು ಕಾಲಿಗೆ ಬಂದವು. ಪಕ್ಕದಲ್ಲಿ ಬಾಯಿಬಡ್ಕಿಯೂ ತಿರುಗಿಸಿದಳು. ಅವಳ ಪಕ್ಕದವಳೂ ತಿರುಗಿಸಿದಳು. ಮೇಜಿನ ಈ ಕಡೆಯ ಸಾಲಿಗೆ ಸಾಲೇ ಪುಸ್ತಕಗಳನ್ನು ತಲೆಕೆಳಗು ಮಾಡಿ ಹಿಡಿದು, ಗಂಭೀರವಾಗಿ, ಶಾಲೆಯ ಮಕ್ಕಳ ಹಾಗೆ ನಿಂತಿತು.

ಮೊದಲು ನಕ್ಕವನು ಕ್ಯಾಮೆರಾದವನು. ಆಮೇಲೆ ಸಾಹೇಬರು ಮೂಗಿನ ಕರವಸ್ತ್ರ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ನಕ್ಕರು ಅಂತ ಮ್ಯಾನೇಜರನೂ ನಕ್ಕ. ಅತ್ತೆಗೆ ಏನು ನಡೆಯಿತು ಅಂತ ಅರ್ಥವಾಗಲಿಲ್ಲ. ಎಲ್ಲರೂ ನಗುತ್ತಿದ್ದಾರಲ್ಲ, ಸಂತೋಷಕ್ಕಿರಬೇಕು ಅಂತ ಅವಳೂ ಸ್ವಲ್ಪ ನಕ್ಕಳು.

"ಓದ್ಲಾ ಸಾರ್?" ಅಂದಳು.

"ಓದಮ್ಮ, ಓದು, ನೋಡೇಬಿಡೋಣ."

"ಮ... ನೆ... ಯ... ಬಾ... ಗಿ... ಲು..."

"ಬಾಯಿಪಾಠ ಸಾರ್," ಮ್ಯಾನೇಜರ್ ತಾನಾಗಿ ಹೇಳಿದ. ತನ್ನ ಲಾಂಡ್ರಿಯ ಮಾನ ಹೋಯಿತಲ್ಲ, ಅದಕ್ಕೆ ತಾನು ಹೊಣೆಯಲ್ಲ ಅಂತ ತೋರಿಸಿಕೊಳ್ಳುವ ಆತುರ. "ಗಿಣಿಗೆ ಕಲಿಸಿದ ಹಂಗೆ ಕಲಿಸಿಬಿಟ್ಟಿದಾಳೆ ಈ ಟೀಚರ್."

ಟೀಚರಮ್ಮನ ಮುಖ ಬಿಳಿಚಿಕೊಂಡಿತ್ತು. ಅವಳು ಕುರ್ಚಿಯಿಂದ ಎದ್ದು ಹೆಂಗಸರ ಸಾಲನ್ನು, ಮೇಜನ್ನು, ತನ್ನ ಕುರ್ಚಿಯನ್ನು ನೋಡಿದಳು. "ಸಾರ್, ಇಲ್ಲ ಸಾರ್. ಅವರಿಗೆ ಓದೋಕೆ ಬರುತ್ತೆ. ಅವರು ಎದುರುಗಡೆಯಿಂದ... ಒಂದೇ ಪುಸ್ತಕ ಸಾರ್, ನಾನು ಈ ಕಡೆ ಕೂತ್ಕೊಂಡು... ಅವರು ಹಾಗೇ ನೋಡಿ ನೋಡಿ..."

ಸಾಹೇಬರು ಅತ್ತೆಯ ಕೈಯಿಂದ ಪುಸ್ತಕ ಕಿತ್ತು, ನೆಟ್ಟಗೆ ಮಾಡಿ, ಮತ್ತೆ ಅವಳ ಕೈಗಿಟ್ಟರು. "ಈಗ ಓದು. ಎಲ್ಲರೂ ಓದೋ ಹಾಗೆ ಓದು."

ಅತ್ತೆ ನೋಡಿದಳು. ಇದೇ ಮನೆ, ಇದೇ ಬಾಗಿಲು, ಅವಳಿಗೆ ಗೊತ್ತು. ಆದರೆ ಒಂದು ಅಕ್ಷರವೂ ಅವಳನ್ನು ಗುರುತು ಹಿಡಿಯಲಿಲ್ಲ. ಕತ್ತು ಓರೆ ಮಾಡಿದಳು, ಇನ್ನಷ್ಟು ಓರೆ ಮಾಡಿದಳು. ಆ ಕತ್ತು ಓರೆಯಾದದ್ದಕ್ಕೆ ಕ್ಯಾಮೆರಾದವನು ಇನ್ನೊಂದು ಫೋಟೋ ಹೊಡೆದುಕೊಂಡ. ಸೊಸೆಯ ಕಡೆ ನೋಡಬಾರದು ಅಂದುಕೊಂಡೇ ನೋಡಿದಳು. ಸೊಸೆ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದಳು.

"ಬರಲ್ಲ ಸಾರ್," ಅಂದಳು ಅತ್ತೆ. "ಎದುರು ಕಡೆಯಿಂದ ಬರುತ್ತೆ. ಹಿಂಗೆ ಬರಲ್ಲ."

"ಬಾವಲಿಗಳಿಗೆ ಶಾಲೆ ನಡೆಸ್ತಿದೀಯೇನಮ್ಮ?" ಸಾಹೇಬರು ಟೀಚರಮ್ಮನನ್ನು ಕೇಳಿದರು.

ಬಾಯಿಬಡ್ಕಿಗೆ ತಡೆಯಲಾಗಲಿಲ್ಲ. "ಪುಸ್ತಕ ಬೀರೂಲಿ ಕಾವು ಕೂತಿದ್ವು ಸಾರ್, ಮರಿ ಆಗ್ಲಿ ಅಂತ. ನಮ್ಮ ಕೈಗೆ ಕೊಟ್ಟಿದ್ರೆ ನೆಟ್ಟಗೇ ಓದ್ತಿದ್ವಿ. ಕೇಳಿ ಈ ಬಿಳಿಯಪ್ಪನ್ನ!"

"ಮುಚ್ಚೇ ಬಾಯಿ, ಸೂಳೆ!" ಅಂದ ಮ್ಯಾನೇಜರ್. ಸಾಹೇಬರು ಆ ಮಾತು ಕೇಳಿಸದವರ ಹಾಗೆ ಕೈಗಡಿಯಾರ ನೋಡಿಕೊಂಡರು. ಇವರಿಗೆ ಕಲಿಯುವ ವಯಸ್ಸು ಮೀರಿದೆ, ಈ ಕಲಿಕಾ ಕೇಂದ್ರವನ್ನು ಬೇರೆ ಎಲ್ಲಾದರೂ ನಡೆಸಿ ಅಂತ ಹೇಳಿ ಕರವಸ್ತ್ರ ಮತ್ತೆ ಮೂಗಿಗೆ ಏರಿಸಿದರು. ಅವರು ಬಾಗಿಲು ದಾಟುವ ಮೊದಲೇ ಯಂತ್ರಗಳು ಶುರುವಾದವು. ಪುಸ್ತಕಗಳು ಬೀರುವಿಗೆ ಹೋದವು.

ಟೀಚರಮ್ಮ ಹೋಗುವ ಮುಂಚೆ ಮೊದಲ ಸಲ ಮೇಜು ಸುತ್ತಿಕೊಂಡು ಈ ಕಡೆ ಬಂದಳು. ನೆಲದ ನೀರು ಅವಳ ಚಪ್ಪಲಿಯೊಳಕ್ಕೆ ಹೋಯಿತು. ಒಣಗಿಸುವ ಯಂತ್ರದ ಬಿಸಿ ಬೆನ್ನಿಗೆ ಬಡಿದು ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅಲ್ಲಿ ನಿಂತು ಆಚೆ ಇದ್ದ ತನ್ನ ಕುರ್ಚಿಯನ್ನೇ ನೋಡುತ್ತಿದ್ದಳು.

"ಒಂದು ದಿನ ಈ ಕಡೆ ಬಂದು ನಿಂತ್ಕೊಂಡಿದ್ರೆ ಸಾಕಿತ್ತು ಅತ್ತೆ," ಅಂದಳು ಕಣ್ಣೊರೆಸಿಕೊಳ್ಳುತ್ತ. "ಒಂದೇ ಒಂದು ದಿನ."

"ಅಳಬೇಡ ಬಿಡು ತಾಯಿ," ಅಂದಳು ಅತ್ತೆ. "ನಿನ್ನ ಚಪ್ಪಲಿ ನೆನೀತದೆ, ಆಚೆ ಹೋಗು."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹುಡುಗಿಯ ಮೇಲೆ ಕನಿಕರ ಬಂತು, ಅಷ್ಟೆ.

ಮರುದಿನವೇ ಒಣ ಕಡೆಯ ಖಾಲಿ ಸ್ಟೂಲಿನ ಮೇಲೆ ಮ್ಯಾನೇಜರನ ಭಾಮೈದನ ಹೆಂಡತಿ ಬಂದು ಕೂತಳು. ಅವಳಿಗೆ ಎಷ್ಟು ಓದು ಬರುತ್ತದೆ ಅಂತ ಯಾರೂ ಪರೀಕ್ಷೆ ಮಾಡಲಿಲ್ಲ.

ಅತ್ತೆ ಮಾನ ಬಿಟ್ಟು ಒಣ ಕಡೆಯ ಬಾಗಿಲಿಗೆ ಹೋಗಿ, ಹೊಸ್ತಿಲಲ್ಲೇ ಮ್ಯಾನೇಜರನ ಮುಂದೆ ನಿಂತಳು. "ಸಾರ್, ನಂಗೆ ಏನೂ ಬೇಡ. ಅವಳ ಪಾಲಿನ ಗಂಟೂ ನಾನೇ ಎತ್ತುತೀನಿ. ಹೆರೋವರೆಗೆ ಅವಳನ್ನ ಆ ಕಡೆ ಎಲ್ಲಾದ್ರೂ ನೆಲದ ಮೇಲಾದ್ರೂ ಕೂರಿಸಿ. ಮಡಚ್ತಾ ಕೂತಿರ್ತಾಳೆ. ಎರಡು ಹೋಗಿವೆ ಸಾರ್."

ಮ್ಯಾನೇಜರ್ ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಕೂತಿದ್ದ. "ಸೊಸೆಗೆ ಓದು ಬರಲ್ಲ. ಅತ್ತೆ ತಲೆಕೆಳಗೆ ಓದ್ತಾಳೆ. ಇನ್ನು ಹುಟ್ಟೋದು ಅಡ್ಡಡ್ಡ ಓದುತ್ತೇನೋ!" ಅಂತ ತನ್ನ ಮಾತಿಗೆ ತಾನೇ ನಕ್ಕ. ಸ್ಟೂಲಿನ ಮೇಲಿದ್ದ ಭಾಮೈದನ ಹೆಂಡತಿಯೂ ನಕ್ಕಳು. "ಬಸುರು ಅಂದ್ರೆ ರೋಗ ಅಲ್ಲ ಕಣೇ. ಹೋಗಿ ಕೆಲಸ ನೋಡು. ಆಗಲ್ಲ ಅಂದ್ರೆ ಇಬ್ಬರೂ ಹೊರಡಿ, ಬಾಗಿಲಾಚೆ ಜನ ಕಾಯ್ತಾ ಇದಾರೆ."

ಅದು ನಿಜ. ಬಾಗಿಲಾಚೆ ಜನ ಕಾಯುತ್ತಿದ್ದರು. ಅವರೂ ಇವರ ಹಾಗೇ ಇದ್ದವರು.

ಅತ್ತೆ ಸೊಸೆಗೆ ಗಂಟು ಎತ್ತಲು ಬಿಡುತ್ತಿರಲಿಲ್ಲ. ತನ್ನದು ಎತ್ತಿ, ಅವಳದು ಎತ್ತಿ, ನಡುವೆ ಅವಳನ್ನು ಕಿಟಕಿಯ ಹತ್ತಿರ ಅಟ್ಟಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಸಿ, ಹೀಗೇ ದಿನ ನೂಕಿದಳು. ಬಾಯಿಬಡ್ಕಿಯೂ ಕೈ ಹಾಕುತ್ತಿದ್ದಳು. ಆದರೆ ಕಣ್ಣಿಟ್ಟು ಕಾಯಲು ಅತ್ತೆಗೆ ಇದ್ದದ್ದು ಎರಡೇ ಕಣ್ಣು, ಅವೂ ಸೋಡಾ ಹೊಗೆಗೆ ಉರಿಯುತ್ತಿದ್ದವು. ಒಂದು ಮಧ್ಯಾಹ್ನ ಅವಳು ತೊಟ್ಟಿಗೆ ಬಗ್ಗಿದ್ದಾಗ ಮ್ಯಾನೇಜರ್ ಬಾಗಿಲಿಗೆ ಬಂದ. ಕಿಟಕಿಯ ಹತ್ತಿರ ನಿಂತ ಸೊಸೆಯನ್ನು ಕಂಡ.

"ಏನೇ ಮಹಾರಾಣಿ, ಗಾಳಿ ಸೇವನೆನಾ? ಆ ಯಂತ್ರ ಬಾಯಿ ತೆಗೊಂಡು ನಿಂತಿದೆ, ನಿಮ್ಮಪ್ಪ ಬಂದು ತುಂಬ್ತಾನಾ?"

ಸೊಸೆ ಹೆದರಿ ಓಡಿದಳು. ನೀರು ಕುಡಿದ ಚಾದರಗಳನ್ನು ಎರಡೂ ತೋಳಲ್ಲಿ ಬಾಚಿ ಎತ್ತಿದಳು. ಅತ್ತೆ ಕತ್ತೆತ್ತಿ ನೋಡುವುದರೊಳಗೆ ಆಗಬೇಕಾದದ್ದು ಆಗಿಹೋಗಿತ್ತು. ಸೊಸೆ ಚಾದರ ಹಿಡಿದೇ ಕುಕ್ಕರಿಸಿದ್ದಳು. ನೆಲದ ನೀರಿಗೆ ಕೆಂಪು ಇಳಿದು ಹರಿಯುತ್ತಿತ್ತು. ಆ ನೆಲದಲ್ಲಿ ಕೆಂಪು ದಿನಾ ಹರಿಯುವುದೇ. ಅದಕ್ಕೇ ಪಕ್ಕದವರಿಗೂ ತಕ್ಷಣ ತಿಳಿಯಲಿಲ್ಲ.

"ಅತ್ತೇ," ಅಂದಳು ಸೊಸೆ. ಕೂಗಲಿಲ್ಲ, ಮೆಲ್ಲಗೆ ಅಂದಳು.

ಆಸ್ಪತ್ರೆಗೆ ಕರೆದೊಯ್ಯಲು ಇದ್ದದ್ದು ಮೈಲಿಗೆ ಬಟ್ಟೆ ತರುವ ಲಾಂಡ್ರಿಯ ವ್ಯಾನು. ಅದು ಹೇಗೂ ಆ ಆಸ್ಪತ್ರೆಗೇ ಹೊರಟಿತ್ತು. ಸೊಸೆಯನ್ನು ಇಸ್ತ್ರಿಯಾದ ಬಿಳಿ ಕಟ್ಟುಗಳ ಪಕ್ಕದಲ್ಲಿ ಮಲಗಿಸಿದರು. "ಬಿಳಿ ಕಟ್ಟುಗಳಿಗೆ ತಾಗದ ಹಾಗೆ ಹಿಡ್ಕೊಳ್ರೇ," ಅಂತ ಮ್ಯಾನೇಜರ್ ಬಾಗಿಲಿಂದ ಕೂಗಿದ. ಅತ್ತೆ ಸೊಸೆಯ ತಲೆ ತೊಡೆಯ ಮೇಲಿಟ್ಟುಕೊಂಡಳು. ದಾರಿಯುದ್ದಕ್ಕೂ ಸೊಸೆ ಒಂದೇ ಕೇಳುತ್ತಿದ್ದಳು, "ಒದೀತಿದೆಯಾ ನೋಡಿ ಅತ್ತೆ, ಒದೀತಿದೆಯಾ?" ಅತ್ತೆ ಹೊಟ್ಟೆಯ ಮೇಲೆ ತನ್ನ ಮರಗಟ್ಟಿದ ಕೈ ಇಟ್ಟು, "ಒದೀತಿದೆ ಮಗಳೇ, ಒದೀತಿದೆ," ಅನ್ನುತ್ತಲೇ ಇದ್ದಳು.

ಗಂಡು ಮಗು. ಉಸಿರಿರಲಿಲ್ಲ. ನರ್ಸು ಬಟ್ಟೆಯಲ್ಲಿ ಸುತ್ತಿ ತೋರಿಸಿ ತಗೊಂಡು ಹೋದಳು. ಎಲ್ಲಿಗೆ ಅಂತ ಅತ್ತೆ ಕೇಳಿದಳು. ನರ್ಸು ಹೇಳಿದ್ದು ಅವಳಿಗೆ ತಿಳಿಯಲಿಲ್ಲ, ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಸೊಸೆ ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತೆ ಅವಳ ಬೆನ್ನು ತಿಕ್ಕಿದಳು. ಬೆರಳು ಒಂದು ಅಕ್ಷರವನ್ನೂ ತೀಡಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಕೆಲಸಕ್ಕೆ ಬಂದಳು. ಬರದಿದ್ದರೆ ಇಬ್ಬರ ಕೆಲಸವೂ ಹೋಗುತ್ತದೆ ಅಂತ ವ್ಯಾನಿನವನ ಹತ್ತಿರ ಮ್ಯಾನೇಜರ್ ಹೇಳಿ ಕಳಿಸಿದ್ದ. ಯಾರೂ ಅವಳನ್ನು ಏನೂ ಕೇಳಲಿಲ್ಲ. ಅವಳ ಮುಖ ನೋಡಿದರೆ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಬಾಯಿಬಡ್ಕಿ ಕೂಡ ಬಾಯಿ ಬಿಡದೆ ಅವಳ ಪಕ್ಕದಲ್ಲಿ ನಿಂತು ಗಂಟು ಬಿಚ್ಚತೊಡಗಿದಳು.

ವ್ಯಾನು ಹೊಸ ಗಂಟುಗಳನ್ನು ಸುರಿದು ಹೋಯಿತು. ಅತ್ತೆ ಒಂದರ ಗಂಟು ಬಿಚ್ಚಿ, ಮೇಲಿನ ಚಾದರ ಎಳೆದಳು. ನಡುವೆ ದೊಡ್ಡ ಕಲೆ, ಅಂಚು ಒಣಗಿ ಕಂದಾಗಿತ್ತು, ನಡುವೆ ಇನ್ನೂ ಹಸಿ. ಇಂಥದ್ದನ್ನು ಅವಳು ಜೀವಮಾನ ಪೂರ್ತಿ ತೊಳೆದಿದ್ದಳು. ಕಲೆ ನೋಡಿ ಸೋಡಾ ಎಷ್ಟು ಹಾಕಬೇಕು ಅಂತ ಹೇಳುವುದಷ್ಟೇ ಒದ್ದೆ ಕಡೆಯವರ ಕೆಲಸ, ಮೂಲೆಯನ್ನು ನೋಡುವುದು ಅವರ ಕೆಲಸವಲ್ಲ. ಅಂದು ಅವಳು ಮೂಲೆ ಹುಡುಕಿದಳು. ಕಪ್ಪು ಮಸಿಯಲ್ಲಿ ಒತ್ತಿದ ಅಕ್ಷರಗಳು ಸಿಕ್ಕವು. ಚಪ್ಪಲಿ ಕಾಲಿಗೆ ಬರುವ ಹಾಗೆ ಮೂಲೆಯನ್ನು ತಿರುಗಿಸಿಕೊಂಡಳು.

ಮೊದಲನೆಯದು ಸಿಕ್ಕಿತು. ಎರಡನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಮೂರನೆಯದು ಬಂದಾಗ ಮೂರೂ ಸೇರಿಕೊಂಡು ಒಂದು ಮಾತಾದವು. ಅದರ ಮುಂದೆ ಇದ್ದದ್ದನ್ನು ಟೀಚರಮ್ಮ ಕಲಿಸಿರಲಿಲ್ಲ. ಪುಸ್ತಕದ ಹೊರಗೆ ಅತ್ತೆ ಓದಿದ ಮೊದಲ ಮಾತು ಅದು.

ಆ ಗಂಟಿನಲ್ಲಿ ಇದ್ದವೆಲ್ಲ ಅದೇ ವಾರ್ಡಿನವು. ಇದು ಸೊಸೆಯದೋ ಬೇರೆ ಯಾವಳದೋ ಹೇಳುವಂತಿರಲಿಲ್ಲ. ಯಾವಳದ್ದಾದರೂ ಅವಳೂ ಯಾರಿಗೋ ಸೊಸೆ, ಯಾರಿಗೋ ಮಗಳು. ಅತ್ತೆ ಆ ಚಾದರವನ್ನು ತೊಟ್ಟಿಗೆ ಹಾಕಲಿಲ್ಲ. ತೋಳಿನ ಮೇಲೆ ಹಾಕಿಕೊಂಡು ಒಣ ಕಡೆಯ ಬಾಗಿಲಿಗೆ ಹೊರಟಳು.

"ಎಲ್ಲಿಗೆ ಅತ್ತೆ?" ಅಂದಳು ಬಾಯಿಬಡ್ಕಿ.

ಒದ್ದೆ ಕಡೆಯವರು ಆ ಬಾಗಿಲು ದಾಟುವಂತಿರಲಿಲ್ಲ. ಅತ್ತೆ ದಾಟಿದಳು. ಒರೆಸಿ ಹೊಳಪು ಮಾಡಿದ ನೆಲದ ಮೇಲೆ ಅವಳ ಒದ್ದೆ ಕಾಲಿನ ಗುರುತುಗಳು ಬಿದ್ದವು. ಗೋಡೆಯ ತುಂಬ ಗೂಡುಗಳು, ಗೂಡುಗಳ ತುಂಬ ಬಿಳಿ ಚಾದರಗಳು. ಮ್ಯಾನೇಜರ್ ಮೇಜಿನ ಆಚೆ ಕೂತಿದ್ದ. ಮೇಜಿನ ಮೇಲೆ ಅಂದು ಆಸ್ಪತ್ರೆಗೆ ಹೋಗಬೇಕಾದ ಇಸ್ತ್ರಿಯಾದ ಚಾದರಗಳ ಅಟ್ಟಿ ಇತ್ತು. ಅತ್ತೆ ಆ ಅಟ್ಟಿಯ ಮೇಲೆ ಮೈಲಿಗೆಯ ಚಾದರವನ್ನು ಹರವಿದಳು. ಮೂಲೆಯನ್ನು ಎಳೆದು ಅವನ ಕಡೆಗೆ ಮಾಡಿ ಇಟ್ಟಳು.

"ಏ! ಏ! ಏನೇ ಇದು? ಹುಚ್ಚು ಹಿಡಿದಿದೆಯೇನೇ ಬೋಳಿ? ತೆಗಿಯೇ ಅದನ್ನ!"

"ಯಾವ ಗೂಡಿಗೆ ಇಡ್ಲಿ ಹೇಳಿ ಸಾರ್," ಅಂದಳು ಅತ್ತೆ.

"ತೆಗೀತೀಯೋ ಇಲ್ವೋ?"

"ಓದಿ ಹೇಳಿ ಸಾರ್. ನಿಮ್ಮ ಕಡೆಗೆ ನೆಟ್ಟಗೇ ಇಟ್ಟಿದೀನಿ."

ಮ್ಯಾನೇಜರ್ ಓದಲಿಲ್ಲ. ಚಾದರದ ಮೇಲೆ ಕಣ್ಣಿಡಲೂ ಇಲ್ಲ. ಸ್ಟೂಲಿನ ಮೇಲಿದ್ದ ಭಾಮೈದನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ನಿಂತಳು. ಒದ್ದೆ ಕಡೆಯಲ್ಲಿ ಯಾರೋ ಯಂತ್ರ ಆರಿಸಿದರು. ಇನ್ನೊಂದು ಯಂತ್ರವೂ ಆರಿತು. ಬಾಗಿಲಲ್ಲಿ ಬಾಯಿಬಡ್ಕಿ, ಅವಳ ಹಿಂದೆ ಉಳಿದವರು, ಮೊಣಕೈಯಿಂದ ನೀರು ಸುರಿಸುತ್ತ ಬಂದು ನಿಂತರು.

"ಹೋಗ್ರೇ ಒಳಗೆ! ಎಲ್ಲರನ್ನೂ ಇವತ್ತೇ ಓಡಿಸ್ತೀನಿ!" ಮ್ಯಾನೇಜರನ ಗಂಟಲು ಬಿರಿಯಿತು. ಒಬ್ಬಳೂ ಅಲುಗಲಿಲ್ಲ.

"ಹಂಗಾದ್ರೆ ನಾನೇ ಓದ್ತೀನಿ," ಅಂದಳು ಅತ್ತೆ.

ಮೇಜಿನ ಈ ಕಡೆ ನಿಂತು, ಮುಂದಕ್ಕೆ ಬಗ್ಗಿ, ಸೋಡಾಕ್ಕೆ ಬಿರುಕು ಬಿಟ್ಟ ಬೆರಳನ್ನು ಅಕ್ಷರದ ಮೇಲಿಟ್ಟಳು. ಅವನು ಕೂತ ಕಡೆಯಿಂದ ಓದಲು ಅವಳಿಗೆ ಬರುತ್ತಿರಲಿಲ್ಲ, ಎದುರು ಕಡೆಯಿಂದ ಬರುತ್ತಿತ್ತು.

"ಹೆ," ಅಂದಳು. "ರಿ. ಗೆ."

ಚಾದರದ ಹಸಿ ಕೆಳಗಿನ ಬಿಳಿ ಅಟ್ಟಿಗೆ ಒಂದೊಂದೇ ಮಡಿಕೆಯಾಗಿ ಇಳಿಯುತ್ತಿತ್ತು. ಮ್ಯಾನೇಜರ್ ಗೋಡೆಯ ಕಡೆ ನೋಡುತ್ತಿದ್ದ.

"ಕೇಳಿಸ್ತಾ ಸಾರ್?" ಅಂದಳು ಅತ್ತೆ. ಅವಳು ಬೆರಳನ್ನು ಹಿಂದಕ್ಕೆ ತಂದು ಮತ್ತೆ ಮೊದಲನೆಯ ಅಕ್ಷರದ ಮೇಲೆ ಇಟ್ಟಳು.